ನಮ್ಮ ಹೆಸರುಗಳನ್ನು ಮೂರು ಚೌಕಕ್ಕೆ ಕತ್ತರಿಸಬೇಡಿ

ಕರ್ನಾಟಕ ಸರ್ಕಾರದ ಇ-ಆಡಳಿತ ಇಲಾಖೆ, ಶಾಲಾ ಶಿಕ್ಷಣ ಇಲಾಖೆ ಮತ್ತು ಜನನ-ಮರಣಗಳ ಮುಖ್ಯ ನೋಂದಣಾಧಿಕಾರಿಗಳಿಗೆ ಬಹಿರಂಗ ಪತ್ರ. ಮಗುವಿನ ಹೆಸರು ಬರೆಸಲು ಹೊರಟಿರುವ ತಂದೆತಾಯಿಯರೂ ಓದಲಿ.

ಮಾನ್ಯರೇ,

ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಪಾಸ್‌ಪೋರ್ಟ್. ಎಲ್ಲದರಲ್ಲೂ ಹೆಸರು ಒಂದೇ ತೆರನಾಗಿರಬೇಕು ಎಂದು ಸರ್ಕಾರ ಜನರಿಗೆ ಹೇಳುತ್ತದೆ. ಹೇಳುವುದು ಸರಿಯೇ. ಆದರೆ ಒಂದು ನಮೂನೆ ಪೂರ್ತಿ ಹೆಸರಿಗೆ ಒಂದೇ ಸಾಲು ಕೊಡುತ್ತದೆ, ಇನ್ನೊಂದು ಎರಡು ಚೌಕ ಕೊಡುತ್ತದೆ, ಮತ್ತೊಂದು ಮೂರು. ಮೂರು ಚೌಕದ ನಮೂನೆಯಲ್ಲಿ ‘ಕೊನೆಯ ಹೆಸರು’ ಎಂಬಲ್ಲಿ ಕೆಂಪು ನಕ್ಷತ್ರವಿದ್ದರೆ ಅದನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯ ಬಹುಪಾಲು ಮನೆಗಳಲ್ಲಿ ಸರ್‌ನೇಮ್ ಎಂಬುದೇ ಇಲ್ಲ. ಆಗ ಅರ್ಜಿ ತುಂಬುವವರು ಅಲ್ಲಿ ಇನಿಷಿಯಲ್ ಹಾಕುತ್ತಾರೆ, ಇಲ್ಲವೇ ಅಪ್ಪನ ಹೆಸರು, ಇಲ್ಲವೇ ಒಂದು ಚುಕ್ಕಿ, ಕೆಲವೊಮ್ಮೆ ಇದ್ದ ಹೆಸರನ್ನೇ ಎರಡು ಸಲ. ಮುಂದೆ ಹತ್ತಾರು ವರ್ಷ ಆ ಮನುಷ್ಯ ಅಫಿಡವಿಟ್ ಹಿಡಿದು ತಿರುಗುತ್ತಾನೆ.

ನಾವು ಕೇಳುತ್ತಿರುವುದು ಇಷ್ಟೇ. ಹೆಸರನ್ನು ಅದರ ಒಡೆಯರು ಬರೆಯುವ ಹಾಗೆಯೇ, ಇಡಿಯಾಗಿ, ಒಂದೇ ಸಾಲಿನಲ್ಲಿ ಬರೆಸಿಕೊಳ್ಳಿ. ಊರು, ತಂದೆ, ತಾಯಿ, ಮನೆತನದ ಹೆಸರುಗಳು ಆಡಳಿತಕ್ಕೆ ಬೇಕಿದ್ದರೆ ಒಂದೊಂದನ್ನೂ ಬೇರೆಯಾಗಿ ಕೇಳಿ. ಇಲ್ಲದವರಿಗೆ ‘ಇಲ್ಲ’ ಎನ್ನಲು ಜಾಗ ಇಡಿ. ಏಕೆ ಎಂಬುದನ್ನು ವಿವರವಾಗಿ ಬರೆಯುತ್ತೇವೆ. ಹೆಸರುಗಳು ಹೇಗೆ ಕೂಡಿಕೊಂಡಿವೆ ಎಂಬುದು ಗೊತ್ತಿಲ್ಲದೆ ನಮೂನೆ ತಿದ್ದಿದರೆ ಮತ್ತೊಂದು ತಪ್ಪು ಹುಟ್ಟುತ್ತದೆ.

ಎಲ್ಲರಿಗೂ ಗೊತ್ತಿರುವ ಕೆಲವು ಹೆಸರುಗಳನ್ನೇ ನೋಡಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂಬಲ್ಲಿ ಮೋಕ್ಷಗುಂಡಂ ಪೂರ್ವಿಕರ ಊರು, ಇಂದಿನ ಆಂಧ್ರದಲ್ಲಿದೆ. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ತಂದೆ ಶ್ರೀನಿವಾಸಶಾಸ್ತ್ರಿ. ಹುಟ್ಟೂರಿನ ಹೆಸರೂ ತಂದೆಯ ಹೆಸರೂ ಅವರ ಹೆಸರಿನೊಳಗೆ ಇಲ್ಲ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬ ಕೊಡವ ಹೆಸರಿನಲ್ಲಿ ಮೊದಲನೆಯದು ಒಕ್ಕದ, ಅಂದರೆ ಮನೆಯ ಹೆಸರು, ಎರಡನೆಯದು ತಂದೆಯದು. ಬಸಪ್ಪ ದಾನಪ್ಪ ಜತ್ತಿ ಎಂಬ ಉತ್ತರ ಕರ್ನಾಟಕದ ಹೆಸರು ಇದಕ್ಕೆ ಪೂರಾ ತಿರುಗುಮುರುಗು: ಮೊದಲು ಸ್ವಂತದ್ದು, ನಡುವೆ ತಂದೆಯದು, ಕೊನೆಗೆ ಮನೆತನದ್ದು. ಗಂಗೂಬಾಯಿ ಹಾನಗಲ್ ಎಂಬಲ್ಲಿ ಕೊನೆಗಿರುವುದು ಊರು. ಅದು ಅವರ ಗಂಡನ ಮನೆತನದ ಹೆಸರೂ ಅಲ್ಲ.

ಇವರೆಲ್ಲರೂ ಒಂದೇ ರಾಜ್ಯದವರು. 1956ರ ನವೆಂಬರ್ 1ಕ್ಕೆ ಮೊದಲು ಈ ನೆಲ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿತ್ತು, ಒಂದೊಂದು ಕಡೆ ದಫ್ತರ ಬರೆಯುವ ರೂಢಿ ಒಂದೊಂದು. ಮುಂಬಯಿ ಕಡೆ ಸ್ವಂತ ಹೆಸರು, ತಂದೆ ಹೆಸರು, ಅಡ್ಡಹೆಸರು ಎಂಬ ಕ್ರಮ ಗಟ್ಟಿಯಾಯಿತು. ಮೈಸೂರು ಕಡೆ ಇನಿಷಿಯಲ್ ಮುಂದೆ ಬಂತು. ರಾಜ್ಯ ಒಂದಾಯಿತು, ಹೆಸರಿಡುವ ಪದ್ಧತಿಗಳು ತಮ್ಮ ತಮ್ಮ ಪಾಡಿಗೆ ಉಳಿದವು. ಉಳಿದದ್ದು ತಪ್ಪೇನಲ್ಲ.

ನಮೂನೆಯ ಕನ್ನಡ ಪದದಲ್ಲೇ ತೊಡಕು ಶುರುವಾಗುತ್ತದೆ. ಧಾರವಾಡ, ಬಾಗಲಕೋಟೆಯಲ್ಲಿ ‘ಅಡ್ಡಹೆಸರು’ ಅಂದರೆ ಮನೆತನದ ಹೆಸರು. ಮೈಸೂರು, ಬೆಂಗಳೂರಿನ ಕಡೆ ಅದೇ ‘ಅಡ್ಡಹೆಸರು’ ಜನ ಸಲಿಗೆಯಿಂದ ಕರೆಯುವ ಹೆಸರು. ‘ಕುಲನಾಮ’ ಎಂದು ಅಚ್ಚು ಹಾಕಿದರೆ ಜನ ಜಾತಿ ಬರೆಯುತ್ತಾರೆ. ‘ಮನೆತನದ ಹೆಸರು (ಇದ್ದರೆ ಮಾತ್ರ)’ ಎಂದು ಬರೆಯಿರಿ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನು ಮನೆತನದ ಹೆಸರುಗಳ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕಚೇರಿಗಳಲ್ಲಿ ಇವುಗಳನ್ನು ನೋಡಿ ಜಾತಿ ಊಹಿಸುವ ಅಭ್ಯಾಸ ಬಿಟ್ಟಿಲ್ಲ.

ಹೆಚ್ಚಿನವು ಹಿಂದೆ ಹುದ್ದೆಗಳಾಗಿದ್ದವು. ಶಾಸನಗಳಲ್ಲಿ ಬರುವ ಪೆರ್ಗಡೆ ಮುಂದೆ ಪೆಗ್ಗಡೆ, ಹೆಗ್ಗಡೆ, ಹೆಗ್ಡೆ ಆಯಿತು. ಗಾವುಂಡ ಗೌಡ ಆಯಿತು, ನಾಡಿನ ಮೇಲಿದ್ದವನು ನಾಡಗೌಡ. ಲೆಕ್ಕ ಬರೆಯುತ್ತಿದ್ದ ಸೇನಬೋವ ಶಾನುಭೋಗನಾದ, ಶಾನಭಾಗನಾದ. ಅದೇ ಕೆಲಸಕ್ಕೆ ಉತ್ತರದಲ್ಲಿ ಕುಲಕರ್ಣಿ. ಪಾಟೀಲ, ದೇಸಾಯಿ, ದೇಶಪಾಂಡೆ, ಇನಾಮದಾರ, ತಳವಾರ, ವಾಲೀಕಾರ ಎಲ್ಲವೂ ಊರಿನ, ನಾಡಿನ ಆಡಳಿತದಿಂದ ಬಂದವು. ಹುದ್ದೆ ಯಾರಿಗೆ ಸಿಕ್ಕಿತೋ ಹೆಸರು ಅವರದಾಯಿತು. ಹಾಗಾಗಿ ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸ್ಲಿಮರಿದ್ದಾರೆ, ಬ್ರಾಹ್ಮಣರೂ ಇದ್ದಾರೆ. ಹೆಗ್ಡೆ ಶಿರಸಿಯಲ್ಲಿ ಹವ್ಯಕರ ಹೆಸರು, ಉಡುಪಿಯಲ್ಲಿ ಬಂಟರ ಹೆಸರು. ಗೌಡ ಎಂಬುದು ಮಂಡ್ಯದಲ್ಲಿ ಒಕ್ಕಲಿಗರನ್ನು ನೆನಪಿಸಿದರೆ ವಿಜಯಪುರದಲ್ಲಿ ಲಿಂಗಾಯತರನ್ನು, ಅಂಕೋಲೆಯಲ್ಲಿ ಹಾಲಕ್ಕಿಗಳನ್ನು. ನಾಯಕ, ನಾಯ್ಕ, ನಾಯಕ್ ಎಂಬವನ್ನು ವಾಲ್ಮೀಕಿ ನಾಯಕರು, ನಾಮಧಾರಿಗಳು, ಗೌಡ ಸಾರಸ್ವತರು, ಲಂಬಾಣಿಗಳು ತಮ್ಮ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದಾರೆ. ಹೆಸರಿನ ಬಾಲ ನೋಡಿ ಜಾತಿಯ ಕಲಂ ತುಂಬುವ ಗುಮಾಸ್ತ ಒಂದು ಕುಟುಂಬದ ಮೀಸಲಾತಿಯನ್ನೇ ಕೆಡಿಸಬಲ್ಲ.

ಕಸುಬಿನಿಂದ ಬಂದವು ಇನ್ನೊಂದು ರಾಶಿ. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಗಾಣಿಗೇರ, ಹೂಗಾರ, ಅಂಬಿಗೇರ. ಹತ್ತಿ ಎಕ್ಕುವ ನದಾಫ, ಹಣ್ಣು ಮಾರುವ ಬಾಗವಾನ. ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ, ಅಂಗಡಿ ಎಂಬಂಥವು ಬಹುಮಟ್ಟಿಗೆ ವ್ಯಾಪಾರದ ಗುರುತು. ಹೊಸಮನಿ, ದೊಡಮನಿ, ಹಳೇಮನಿ ಎಂಬವು ಮನೆಯ ಗುರುತು. ಹಿರೇಮಠ, ಚಿಕ್ಕಮಠ, ಸಾಲಿಮಠ ಆಯಾ ಊರಿನ ಮಠದ ಗುರುತು. ಎರಡು ಊರಿನ ಹಿರೇಮಠರಿಗೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಇಂಥ ಹೆಸರು ಹೊತ್ತ ಮಕ್ಕಳು ಬೆಂಗಳೂರಿನ ಶಾಲೆಗೆ ಸೇರಿದಾಗ ಹಾಜರಿ ಕೂಗುವಾಗ ನಗು ಏಳುವುದುಂಟು. ಆ ಹೆಸರಿನ ಹಿಂದೆ ತಲೆಮಾರುಗಳ ದುಡಿಮೆ ಇದೆ ಎಂಬುದನ್ನು ಶಿಕ್ಷಕರು ಒಂದು ಮಾತಿನಲ್ಲಿ ತರಗತಿಗೆ ತಿಳಿಸಬೇಕು.

ಕೊನೆಯ ‘ರ’ಕಾರದ ಬಗ್ಗೆ ಡೇಟಾ ಎಂಟ್ರಿ ಮಾಡುವವರಿಗೆ ವಿಶೇಷವಾಗಿ ತಿಳಿಸಬೇಕು. ಶೆಟ್ಟರ, ಗೌಡರ, ಚನ್ನಪ್ಪನವರ ಎಂಬಲ್ಲಿ ಅದು ‘ಇವರ ಮನೆಯವರು’ ಎಂಬ ಸಂಬಂಧದ ಗುರುತು, ಹೆಸರಿನದೇ ಭಾಗ. ದಕ್ಷಿಣದ ಗುಮಾಸ್ತರು ಅದನ್ನು ಗೌರವಕ್ಕೆ ಹಚ್ಚಿದ ‘ಅವರ’ ಎಂದುಕೊಂಡು ಕತ್ತರಿಸಿಬಿಡುತ್ತಾರೆ. ಶೆಟ್ಟರ ಶೆಟ್ಟಿಯಾಗುತ್ತದೆ, ಚನ್ನಪ್ಪನವರ ಚನ್ನಪ್ಪ ಆಗುತ್ತದೆ. ಮೊದಲನೆಯದರಲ್ಲಿ ಸಮುದಾಯವೇ ಬದಲಾದಂತೆ ಕಾಣುತ್ತದೆ. ಎರಡನೆಯದರಲ್ಲಿ ಮನೆತನ ಹೋಗಿ ಯಾರೋ ಅಜ್ಜನ ಹೆಸರು ಉಳಿಯುತ್ತದೆ.

ಸ್ವಂತ ಹೆಸರುಗಳ ಹಿನ್ನೆಲೆ ಇದಕ್ಕಿಂತ ಶ್ರೀಮಂತ. ಕನ್ನಡದ ಹೆಸರು ಬಹಳ ಸಲ ದೇವರ, ಗುರುವಿನ, ಊರಿನ ನಕ್ಷೆಯನ್ನೇ ಹೇಳುತ್ತದೆ. ಯಲ್ಲಪ್ಪ, ಯಲ್ಲವ್ವ ಎಂದರೆ ಸವದತ್ತಿಯ ಕಡೆಗೆ ಬೆರಳು. ಕೊಟ್ರೇಶ ಎಂದರೆ ಕೊಟ್ಟೂರು, ಹುಲಿಗೆಮ್ಮ ಎಂದರೆ ಹುಲಿಗಿ, ಗವಿಸಿದ್ದಪ್ಪ ಎಂದರೆ ಕೊಪ್ಪಳ, ಶರಣಬಸಪ್ಪ ಎಂದರೆ ಕಲಬುರಗಿ, ನಂಜುಂಡ, ನಂಜಮ್ಮ ಎಂದರೆ ನಂಜನಗೂಡು, ಮಾದೇಶ, ಮಾದಪ್ಪ ಎಂದರೆ ಮಲೆ ಮಹದೇಶ್ವರ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಎಂಬ ಹೆಸರುಗಳು ಚಿತ್ರದುರ್ಗ ಸೀಮೆಯಲ್ಲಿ ಹೆಚ್ಚು, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯಿಂದಾಗಿ. ಬೇರೆ ಕಡೆಯ ತಿಪ್ಪಣ್ಣನಿಗೆ ಬೇರೆ ಕಾರಣವೂ ಇರಬಹುದು: ಹಿಂದೆ ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನ ಕೂಸಿಗೆ ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಟ್ಟು ಬದುಕಲಿ ಎಂದು ಹರಸುತ್ತಿದ್ದರು. ಆ ಹೆಸರುಗಳನ್ನು ಒರಟು ಎಂದು ಬದಲಿಸಿಕೊಳ್ಳುವವರಿಗೆ ಆ ಹಕ್ಕಿದೆ. ಬದಲಿಸಿಕೋ ಎಂದು ಮಗುವಿಗೆ ಹೇಳುವ ಹಕ್ಕು ಶಾಲೆಗಿಲ್ಲ.

ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಸುತ್ತಮುತ್ತ ಫಕ್ಕೀರಪ್ಪ, ಫಕ್ಕೀರವ್ವ ಎಂಬುವು ಹಿಂದೂ ಮನೆಗಳ ಹೆಸರು. ಮೊಹರಂ ಆಚರಿಸುವ ಊರುಗಳಲ್ಲಿ ಹುಸೇನಪ್ಪ ಇದ್ದಾನೆ. ಹೆಸರು ನೋಡಿ ಧರ್ಮದ ಕಲಂ ತುಂಬುವ ತಂತ್ರಾಂಶವೋ ಸಿಬ್ಬಂದಿಯೋ ಇಲ್ಲಿ ನೇರವಾಗಿ ತಪ್ಪು ಮಾಡುತ್ತಾರೆ. ದಯವಿಟ್ಟು ಕೇಳಿ ಬರೆಯಿರಿ.

ಅಪ್ಪ, ಅಯ್ಯ, ಅಣ್ಣ, ಅವ್ವ, ಅಮ್ಮ ಎಂಬುವು ಕನ್ನಡದ ಹೆಸರಿಗೆ ಹಳೆಯ ಜೊತೆಗಾರರು. ಲಕ್ಕುಂಡಿಯ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ‘ಅಬ್ಬೆ’ ಕೂಡ ತಾಯಿಯೇ. ಇವು ಹೆಸರಿಗೆ ಬೆಸೆದುಕೊಂಡಿರುತ್ತವೆ, ಬಿಡಿಸುವಂತಿಲ್ಲ. ಬಸನಗೌಡ, ಶಿವನಗೌಡ ಎಂಬುವೂ ಹೀಗೆಯೇ ಒಂದೊಂದು ಇಡೀ ಹೆಸರು. ಅದನ್ನು ‘ಬಸನ’ ‘ಗೌಡ’ ಎಂದು ಎರಡು ಚೌಕಕ್ಕೆ ಹರಿದರೆ, ಕೊನೆಯಲ್ಲಿರುವ ಪಾಟೀಲ ಎಂಬ ನಿಜವಾದ ಅಡ್ಡಹೆಸರಿಗೆ ಜಾಗವೇ ಇರುವುದಿಲ್ಲ. ಅಯ್ಯ ಎಂಬುದು ಉತ್ತರದಲ್ಲಿ ಹೆಚ್ಚಾಗಿ ಜಂಗಮರ ಹೆಸರಿನಲ್ಲಿ ಕಂಡರೆ ದಕ್ಷಿಣದಲ್ಲಿ ಎಲ್ಲ ಸಮುದಾಯಗಳಲ್ಲೂ ಇದೆ. ಇದರಿಂದಲೂ ಏನನ್ನೂ ಊಹಿಸುವಂತಿಲ್ಲ.

ಕೊಡಗಿನ ಒಕ್ಕದ ಹೆಸರುಗಳು ಸಾಮಾನ್ಯವಾಗಿ ಅಂಡ, ಎರ, ಇರ ಎಂದು ಮುಗಿಯುತ್ತವೆ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡಗಳು ಆಡುವುದೇ ಈ ಹೆಸರುಗಳಲ್ಲಿ. ಅದು ನಿಜವಾಗಿಯೂ ಮನೆತನದ ಹೆಸರು, ಆದರೆ ಬರೆಯುವುದು ಮೊದಲಿಗೆ. ‘ಮೊದಲ ಹೆಸರು’ ಎಂಬ ಚೌಕಕ್ಕೆ ಮೊದಲ ಪದ ಹೋದರೆ ಇಡೀ ಒಕ್ಕದವರೆಲ್ಲರಿಗೂ ಕಂಪ್ಯೂಟರಿನಲ್ಲಿ ಒಂದೇ ಹೆಸರು. ತುಳುನಾಡಿನ ಬಂಟರಲ್ಲಿ ಬಳಿ, ಅಂದರೆ ವಂಶದ ಗುರುತು, ಬರುವುದು ತಾಯಿಯಿಂದ. ತಂದೆಯ ಹೆಸರಿನಿಂದಲೇ ಮನೆತನ ತಿಳಿಯುತ್ತದೆ ಎಂದು ನಂಬಿದ ನಮೂನೆಗೆ ಇದು ಸಿಗುವುದೇ ಇಲ್ಲ.

ಕಡ್ಡಾಯ ಸರ್‌ನೇಮ್ ತರುವ ಇನ್ನೊಂದು ಕೇಡನ್ನು ನಾವು ಗಟ್ಟಿಯಾಗಿ ಹೇಳಬಯಸುತ್ತೇವೆ. ಹಳೆ ಮೈಸೂರಿನ ಇನಿಷಿಯಲ್ ಪದ್ಧತಿಯಲ್ಲಿ ಜಾತಿ ಕಾಣಿಸದೆ ಬದುಕಲು ಜಾಗವಿದೆ. ಜಾತಿಸೂಚಕ ಬಾಲವನ್ನು ಬೇಕೆಂದೇ ಬಿಟ್ಟವರಿದ್ದಾರೆ. ಅವರ ಮಗುವಿಗೆ ‘ಕೊನೆಯ ಹೆಸರು ಬೇಕೇ ಬೇಕು’ ಎಂದರೆ, ಬೇರೆ ದಾರಿ ಕಾಣದೆ ಬಿಟ್ಟದ್ದನ್ನೇ ಮತ್ತೆ ಹಚ್ಚುತ್ತಾರೆ. ಸರ್ಕಾರದ ಒಂದು ಕೆಂಪು ನಕ್ಷತ್ರ ಹೀಗೆ ಜಾತಿಯನ್ನು ಹೆಸರಿನೊಳಕ್ಕೆ ವಾಪಸು ತರುತ್ತಿದೆ.

ಎಲ್ಲೆಲ್ಲಿ ಏನು ಮುರಿಯುತ್ತದೆ ಎಂಬುದಕ್ಕೆ ಬರೋಣ.

ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ಪ್ಯಾನಿನ ಹತ್ತು ಅಕ್ಷರ-ಅಂಕಿಗಳಲ್ಲಿ ಐದನೆಯದು ವ್ಯಕ್ತಿಯ ಸರ್‌ನೇಮ್‌ನ ಮೊದಲ ಅಕ್ಷರ. ಒಬ್ಬ ಅಣ್ಣ ಊರನ್ನು ಕೊನೆಯ ಹೆಸರೆಂದು ಕೊಟ್ಟು, ತಮ್ಮ ಅಪ್ಪನ ಹೆಸರನ್ನು ಕೊಟ್ಟರೆ ಒಂದೇ ಮನೆಯಲ್ಲಿ ಎರಡು ‘ಮನೆತನ’ ಹುಟ್ಟಿಕೊಳ್ಳುತ್ತವೆ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಸಾಲು, ಅಲ್ಲಿ ಇನಿಷಿಯಲ್ ಹಾಗೇ ಉಳಿದಿರುತ್ತದೆ. ಎರಡನ್ನೂ ಜೋಡಿಸಲು ಹೋದಾಗ ಹೊಂದುವುದಿಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ, ಆದ್ದರಿಂದ ಆತುರದಲ್ಲಿ ಒಂದನ್ನು ಕಳೆದುಕೊಳ್ಳಬಾರದು. ಶಾಲಾ ಮಕ್ಕಳಿಗೆ ಕೊಡುವ ಅಪಾರ್ ಎಂಬ ಗುರುತಿನ ಸಂಖ್ಯೆಗೆ, ಶಾಲೆಗಳ ಮಾಹಿತಿ ಇಡುವ ಯುಡೈಸ್ ಎಂಬ ಸರ್ಕಾರಿ ದಾಖಲೆಯ ಹೆಸರೂ ಆಧಾರ್ ಹೆಸರೂ ಹೊಂದಬೇಕು. ಅಲ್ಲಿಯೂ ಇದೇ ಕಗ್ಗಂಟು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಚೌಕ ಖಾಲಿ ಬಿಡಬಹುದು. ಆದರೆ ಇಡೀ ಹೆಸರು ಒಂದೇ ಪದವಾದರೆ ಹೊರದೇಶದಲ್ಲಿ ತೊಂದರೆ. 2022ರ ನವೆಂಬರ್ 21ರಿಂದ ಯುಎಇ, ಒಂದೇ ಪದದ ಹೆಸರಿರುವ ಸಂದರ್ಶಕರಿಗೆ ಪ್ರವೇಶವಿಲ್ಲ ಎಂಬ ನಿಯಮ ತಂದಿತು, ಬಳಿಕ ಅದನ್ನು ಸ್ವಲ್ಪ ಸಡಿಲಿಸಿತು. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ. ಹಾಗೆಂದು ಎಲ್ಲವನ್ನೂ ಬಿಡಿಸಿ ಬರೆದರೂ ಕಷ್ಟ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು 39 ಸ್ಥಾನ. ಇಂಗ್ಲಿಷಿನಲ್ಲಿ ಚಿಕ್ಕನಾಯಕನಹಳ್ಳಿಗೆ 19 ಅಕ್ಷರ, ಲಕ್ಷ್ಮೀನಾರಾಯಣಪ್ಪನಿಗೆ 18, ನಡುವಿನ ತೆರಪಿಗೆ ಒಂದು. ಊರು, ಅಪ್ಪ ಸೇರಿ 38 ಆದರೆ ಸ್ವಂತ ಹೆಸರನ್ನು ಎಲ್ಲಿಡುವುದು? ಮೊಟಕು ಮಾಡಲೇಬೇಕಾಗುತ್ತದೆ. ಸ್ವಂತ ಹೆಸರಿನ ಜೊತೆ ತಂದೆ ಅಥವಾ ತಾಯಿಯ ಹೆಸರೊಂದನ್ನು ಬಿಡಿಸಿ ಬರೆದು, ಊರನ್ನು ಬಿಡುವುದು ನಮ್ಮ ಅನುಭವದಲ್ಲಿ ಕ್ಷೇಮ.

ನಿಮ್ಮ ತಂತ್ರಾಂಶದವರಿಗೆ ಒಂದು ಮಾತು. ಲಕ್ಷ್ಮೀನಾರಾಯಣಪ್ಪ ಎಂಬುದು ಓದುವವರಿಗೆ ಏಳು ಅಕ್ಷರ. ಯೂನಿಕೋಡಿನಲ್ಲಿ ಅದು 16 ಸಂಕೇತ, ಒಂದೊಂದಕ್ಕೆ 3 ಬೈಟ್‌ನಂತೆ 48 ಬೈಟ್. ಹೆಸರಿನ ಕಲಂಗೆ 50 ಬೈಟ್ ಮಿತಿ ಹಾಕಿದ್ದರೆ ಒಂದು ಇನಿಷಿಯಲ್ ಕೂಡ ಹಿಡಿಯುವುದಿಲ್ಲ, ಹೆಸರು ನಡುವೆ ತುಂಡಾಗಿ ಕೊನೆಯಲ್ಲಿ ಚೌಕದ ಗುರುತು ಬರುತ್ತದೆ. ಮಿತಿಯನ್ನು ಬೈಟಿನಲ್ಲಿ ಎಣಿಸಬೇಡಿ, 150 ಸಂಕೇತಗಳಿಗಾದರೂ ಜಾಗವಿಡಿ. ರಾಜ್‌ಕುಮಾರ್ ಎಂದು ಸರಿಯಾಗಿ ಬರೆಯಲು ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಬೇಕು. ಹೆಸರುಗಳನ್ನು ತಾಳೆ ನೋಡುವಾಗ ಅದನ್ನೂ ಚುಕ್ಕಿಯನ್ನೂ ತೆರಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇಲ್ಲದಿದ್ದರೆ ಒಂದೇ ಹೆಸರು ಎರಡು ಎಂದು ತೋರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಆಗುತ್ತಿರುವುದು ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರದಿಂದ ತಿರುಗಿಸುವುದರಿಂದ. ಇಂಗ್ಲಿಷಿನಲ್ಲಿ ಲ, ಳ ಒಂದೇ. ನ, ಣ ಒಂದೇ. ಶ, ಷ ಒಂದೇ. ಹ್ರಸ್ವ ದೀರ್ಘ ಇಲ್ಲ. ಹಾಗಾಗಿ ಹಳ್ಳಿ ‘ಹಲ್ಲಿ’ಯಾಗುತ್ತದೆ, ಕಾಳಪ್ಪ ‘ಕಲಪ್ಪ’ನಾಗುತ್ತಾನೆ, ಹಿರೇಮಠ ‘ಹಿರೆಮಾತ್’ ಆಗುತ್ತದೆ. ಕನ್ನಡದ ಹೆಸರನ್ನು ಕನ್ನಡದಲ್ಲಿ ಮೊದಲು ಟೈಪ್ ಮಾಡಿಸಿ, ಪೋಷಕರಿಗೆ ಓದಿ ಹೇಳಿ, ಒಪ್ಪಿಗೆಯಾದ ಮೇಲೆ ಇಂಗ್ಲಿಷ್ ಕಾಗುಣಿತ ಕೇಳಿ. ಇಂಗ್ಲಿಷ್ ಕಾಗುಣಿತವನ್ನು ಅವರೇ ಹೇಳಬೇಕು, ಏಕೆಂದರೆ ಗೌಡ ಎಂಬುದನ್ನು ದಕ್ಷಿಣದಲ್ಲಿ ‘ಡಬ್ಲ್ಯು’ ಹಾಕಿ ಬರೆದರೆ ಉತ್ತರದಲ್ಲಿ ‘ಯು’ ಹಾಕಿ ಬರೆಯುತ್ತಾರೆ. ಅಪ್ಪನದೊಂದು ಮಗನದೊಂದು ಆದರೆ ವಾರಸಾ ಪ್ರಮಾಣಪತ್ರದ ಹೊತ್ತಿಗೆ ತಕರಾರು ಏಳುತ್ತದೆ. ಇನಿಷಿಯಲ್ ಕೂಡ ಕೇಳಿಯೇ ಬರೆಯಿರಿ: ಇಂಗ್ಲಿಷಿನ ‘ಎಸ್’ ಎಂಬುದು ಸಿದ್ದಪ್ಪನೋ, ಶಿವಣ್ಣನೋ, ಷಣ್ಮುಖನೋ, ಇಲ್ಲ ಸೋಮನಹಳ್ಳಿಯೋ ನಿಮಗೆ ಗೊತ್ತಾಗುವುದಿಲ್ಲ. ಒಂದೊಂದು ಇನಿಷಿಯಲ್ ಏನನ್ನು ಸೂಚಿಸುತ್ತದೆ, ಊರನ್ನೋ ತಂದೆಯನ್ನೋ ತಾಯಿಯನ್ನೋ ಮನೆಯನ್ನೋ ಎಂದು ದಾಖಲಾತಿಯ ದಿನವೇ ಬರೆದಿಟ್ಟರೆ ಮುಂದಿನ ಯಾವ ಅರ್ಜಿಯಲ್ಲೂ ಊಹೆಗೆ ಜಾಗವಿರುವುದಿಲ್ಲ.

ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ಸಿಬ್ಬಂದಿ ತಾವಾಗಿಯೇ ಬದಲಿಸುವುದು ನಿಲ್ಲಬೇಕು. ಮದುವೆಯ ನಂತರ ಹೆಸರನ್ನೋ ಇನಿಷಿಯಲ್ಲನ್ನೋ ಬದಲಿಸಲೇಬೇಕೆಂಬ ಕಾನೂನು ಇಲ್ಲ. ಪಡಿತರ ಚೀಟಿಯಲ್ಲಿ ಗಂಡನ ಇನಿಷಿಯಲ್, ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್ ಎಂದಾದರೆ ತವರಿನ ಆಸ್ತಿಯ ಪಾಲು ಕೇಳುವಾಗ ‘ಇವಳೇ ಅವಳು’ ಎಂದು ಸಾಬೀತು ಮಾಡುವ ಹೊರೆ ಅವಳ ಮೇಲೇ ಬೀಳುತ್ತದೆ.

ತಂದೆತಾಯಿಯರಿಗೆ ನಮ್ಮ ಸಲಹೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರನ್ನು ಅಂದೇ ಕೊಡಬೇಕಾಗಿಲ್ಲ. ಹೆಸರಿಲ್ಲದೆ ನೋಂದಣಿಯಾದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೂ ತಡದ ಶುಲ್ಕ ಕೊಟ್ಟು 15 ವರ್ಷದವರೆಗೆ ಅವಕಾಶವಿದೆ. ಆದ್ದರಿಂದ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಅವಸರದಲ್ಲಿ ಕಾಗುಣಿತ ತೀರ್ಮಾನಿಸಬೇಡಿ. ಮನೆಯಲ್ಲಿ ಕೂತು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಪೂರ್ತಿ ಹೆಸರು, ಇಂಗ್ಲಿಷಿನಲ್ಲಿ ಪೂರ್ತಿ ಹೆಸರು, ಇನಿಷಿಯಲ್ ಇದ್ದರೆ ಅದರ ಪೂರ್ಣರೂಪ, ಅದು ಹೆಸರಿನ ಮುಂದೆ ಬರುತ್ತದೋ ಹಿಂದೆಯೋ ಎಂದು ಬರೆದು ಅದನ್ನೇ ಎಲ್ಲೆಡೆ ಕೊಡಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವಾಗ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಪುರಾವೆ. ಅದರಲ್ಲಿನ ಹೆಸರೇ ಮುಂದಿನ ಎಲ್ಲ ದಾಖಲೆಗೂ ಹರಿಯುತ್ತದೆ. ಎಸ್ಸೆಸ್ಸೆಲ್ಸಿಗೆ ನೋಂದಾಯಿಸುವ ಮೊದಲು ಶಾಲೆಯ ದಾಖಲೆಯನ್ನು ಒಮ್ಮೆ ಅಕ್ಷರ ಅಕ್ಷರವಾಗಿ ನೋಡಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಉದ್ದದ ದಾರಿ.

ಇಲಾಖೆಗಳಲ್ಲಿ ಕೊನೆಯದಾಗಿ ಒಂದು ಕೇಳಿಕೆ. ಈಗಾಗಲೇ ಕತ್ತರಿಸಿ ಬರೆದ ಹೆಸರುಗಳ ಗತಿ ಏನು? ಹೆಸರಿನ ಪದಗಳು ಅವೇ ಇದ್ದು, ಚೌಕ ಮಾತ್ರ ಅದಲುಬದಲಾಗಿದ್ದರೆ, ಇನಿಷಿಯಲ್ ಬಿಡಿಸಿದ್ದರೆ ಅಥವಾ ಬಿಡಿಸದಿದ್ದರೆ, ಲ-ಳ, ನ-ಣ, ಹ್ರಸ್ವ-ದೀರ್ಘದ ವ್ಯತ್ಯಾಸವಷ್ಟೇ ಇದ್ದರೆ ಅದನ್ನು ‘ಹೆಸರು ಬದಲಾವಣೆ’ ಎಂದು ಎಣಿಸಬೇಡಿ. ಪತ್ರಿಕಾ ಪ್ರಕಟಣೆ, ಗೆಜೆಟ್ ಎಂದು ಓಡಿಸಬೇಡಿ. ‘ಬರವಣಿಗೆಯ ತಿದ್ದುಪಡಿ’ ಎಂಬ ಬೇರೆ ಅರ್ಜಿಯೊಂದನ್ನು ನಾಡಕಚೇರಿಯಲ್ಲೂ ಶಾಲೆಯಲ್ಲೂ ಶುಲ್ಕವಿಲ್ಲದೆ ತೆಗೆದುಕೊಳ್ಳಿ, ತಂದೆ ಅಥವಾ ತಾಯಿಯ ಒಂದು ದಾಖಲೆ ಮತ್ತು ಸ್ವಂತ ಘೋಷಣೆಯ ಮೇಲೆ ಇತ್ಯರ್ಥ ಮಾಡಿ. ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಶುರುವಾಗುವ ಮೊದಲೇ ಈ ಸುತ್ತೋಲೆ ಹೊರಬೀಳಲಿ.

ಇಂತಿ,
ಶಾಲಾ ದಾಖಲಾತಿ, ಜನನ ನೋಂದಣಿ ಹಾಗೂ ಕನ್ನಡ ಹೆಸರುಗಳ ಅಧ್ಯಯನದಲ್ಲಿ ತೊಡಗಿರುವವರು